ಮೇಲಕ್ಕೆ ಬಿದ್ದ ವಸ್ತುಗಳು

ಬೀರಮ್ಮ ಎನ್ನುವುದು ಅವರ ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಶಾಲೆಯ ಮಕ್ಕಳು ಇಟ್ಟದ್ದು. ಶಾಲೆಯ ಮೆಟ್ಟಿಲ ಕೆಳಗೆ ಹಸಿರು ಬಣ್ಣದ ಹಳೆಯ ಕಬ್ಬಿಣದ ಬೀರು ಒಂದಿದೆ. ಮಕ್ಕಳು ಕಳೆದುಕೊಂಡದ್ದೆಲ್ಲ ಕೊನೆಗೆ ಬಂದು ಸೇರುವುದು ಅದರೊಳಕ್ಕೆ. ಅದರ ಬೀಗದ ಕೈ ಇರುವುದು ಈ ಅಮ್ಮನ ಸೊಂಟದಲ್ಲಿ. ಹಾಗಾಗಿ ಬೀರಮ್ಮ. ಸಂಬಳದ ಪಟ್ಟಿಯಲ್ಲಿ ಬೇರೆ ಹೆಸರಿದೆ, ಹುದ್ದೆ ಅಟೆಂಡರ್ ಎಂದಿದೆ. ಆ ಹೆಸರು ಹಿಡಿದು ಯಾರಾದರೂ ಕರೆದರೆ ಅವರೇ ಹಿಂದಕ್ಕೆ ತಿರುಗಿ, ಇನ್ಯಾರೋ ಬಂದಿರಬೇಕು ಎಂದು ನೋಡುತ್ತಾರೆ.

ವಯಸ್ಸು ಐವತ್ತೇಳು, ಅದರಲ್ಲಿ ಇಪ್ಪತ್ತೆರಡು ಈ ಶಾಲೆಯಲ್ಲೇ ಕಳೆದವು. ಬೆಳಿಗ್ಗೆ ಗೇಟು ತೆಗೆಯುವುದು, ಮೇಷ್ಟ್ರುಗಳಿಗೆ ಟೀ ಕೊಡುವುದು, ಹೊಟ್ಟೆನೋವೆಂದು ಅಳುವ ಮಗುವನ್ನು ಬೆಂಚಿನ ಮೇಲೆ ಮಲಗಿಸುವುದು, ಆ ಹೊಟ್ಟೆನೋವು ಗಣಿತದ ಪೀರಿಯಡ್ಡಿಗೆ ಮಾತ್ರ ಬರುವ ಜಾತಿಯದ್ದೋ ಎಂದು ಪತ್ತೆ ಹಚ್ಚುವುದು, ಎಲ್ಲ ಅವರ ಪಾಲಿನದೇ. ಗಂಟೆ ಹೊಡೆಯುವುದೂ ಅವರೇ. ಆ ಗಂಟೆ ಒಂದು ದಿನವೂ ಒಂದು ನಿಮಿಷ ತಪ್ಪಿದ್ದಿಲ್ಲ. ರಸ್ತೆಯಾಚೆ ಗಡಿಯಾರ ರಿಪೇರಿ ಅಂಗಡಿ ಇದೆ. ಅದರ ಯಜಮಾನರು ತಮ್ಮ ಗೋಡೆ ಗಡಿಯಾರಗಳನ್ನು ಸರಿ ಮಾಡಿಕೊಳ್ಳುವುದು ಬೀರಮ್ಮನ ಗಂಟೆ ಕೇಳಿಯೇ. ಇದಕ್ಕಿಂತ ದೊಡ್ಡ ಬಿರುದು ಯಾರಿಗೆ ಬೇಕು?

ಆದರೂ ಅವರ ಜೀವವೆಲ್ಲ ಇದ್ದದ್ದು ಬೀರುವಿನಲ್ಲೇ. ಕಳೆದುಕೊಂಡ ವಸ್ತು ಕೇಳಿಕೊಂಡು ಬಂದವರಿಗೆ ಸುಮ್ಮನೆ ಕೊಡುವ ಪೈಕಿ ಅವರಲ್ಲ. ಗುರುತು ಹೇಳಬೇಕು.

"ನೀಲಿ ಬಾಟಲಿ ಅಜ್ಜಿ."

"ನೀಲಿ ಬಾಟಲಿ ಈ ಶಾಲೇಲಿ ನಲವತ್ತಿದೆ. ನಿಂದು ಯಾವ್ದು?"

ಮಗು ತಲೆ ಕೆರೆದುಕೊಂಡು, ಕಾಲು ಬದಲಿಸಿ, ಕೊನೆಗೆ "ಮುಚ್ಚಳದಲ್ಲಿ ನಾನು ಕಚ್ಚಿದ್ದು ಕಾಣುತ್ತೆ" ಎಂದು ನಾಚುತ್ತ ಒಪ್ಪಿಕೊಳ್ಳಬೇಕು. ಆಗ ಬೀಗ ತೆರೆಯುತ್ತದೆ. ಇದರಿಂದ ಎಷ್ಟು ಜಗಳ ತಪ್ಪಿತೋ ಲೆಕ್ಕವಿಲ್ಲ.

ಬೀರುವಿನ ಜೊತೆಗೆ ಒಂದು ಉದ್ದ ಪುಸ್ತಕ. ಅದರಲ್ಲಿ ಐದು ಕಾಲಂ: ವಸ್ತು ಯಾವುದು, ಯಾರದು, ಯಾವ ದಿನ ಸಿಕ್ಕಿತು, ಎಷ್ಟು ಹೊತ್ತಿಗೆ, ಯಾವ ಜಾಗದಲ್ಲಿ. ಐದನೆಯದನ್ನು ಬರೆಯಿರಿ ಎಂದು ಯಾರೂ ಹೇಳಿರಲಿಲ್ಲ, ಬರೆದದ್ದನ್ನು ಯಾರೂ ಓದಿಯೂ ಇರಲಿಲ್ಲ. ಅದು ಗಂಡನಿಂದ ಬಂದ ಚಾಳಿ. ಅವರ ಯಜಮಾನರು ದರ್ಜಿ. ಶಾಲೆಯ ಸಮವಸ್ತ್ರವೆಲ್ಲ ಅವರ ಮಿಷನ್ನಿನಲ್ಲೇ ಹೊಲಿದದ್ದು. ಪುಟ್ಟ ಅಂಗಿಗೂ ಮಗುವಿನ ಎತ್ತರ, ತೋಳು, ಕುತ್ತಿಗೆ, ಎಲ್ಲ ಅಳೆದು ಬರೆದಿಡುವ ಮನುಷ್ಯ. "ಟೇಪ್ ಹಿಡಿದ ಮೇಲೆ ಪೂರ್ತಿ ಬರ್ಕೋಬೇಕು ಕಣೇ. ಆಮೇಲೆ ಬೇಕು ಅಂದ್ರೆ ಗಿರಾಕಿ ಸಿಗಲ್ಲ" ಎಂದು ಮದುವೆಯಾದ ಹೊಸತರಲ್ಲಿ ಹೇಳಿದ್ದು ಬೀರಮ್ಮನ ತಲೆಯಲ್ಲಿ ಅಚ್ಚಾಗಿತ್ತು.

ಈಗ ಒಂದು ಕಹಿ ಮಾತು ಹೇಳಬೇಕು. ಇಷ್ಟು ಅಚ್ಚುಕಟ್ಟಿನ ಹೆಂಗಸು ಒಂದು ತಪ್ಪನ್ನೂ ಅಷ್ಟೇ ಅಚ್ಚುಕಟ್ಟಾಗಿ ಹದಿನಾಲ್ಕು ವರ್ಷ ಮಾಡಿಕೊಂಡು ಬಂದಿದ್ದರು. ಒಮ್ಮೆ ಬೀರು ತುಂಬಿ, ಬಾಗಿಲು ಮುಚ್ಚಲಾರದೆ ಹೋದಾಗ ಅವರು ಆಗಿನ ಹೆಡ್‌ಮಾಸ್ಟರ ಮುಂದೆ ನಿಂತು, "ಈ ಮಕ್ಕಳಿಗೆ ಮೈಮೇಲೆ ಗ್ಯಾನ ಇಲ್ಲ ಸಾರ್. ಮನೆಗೆ ಗೊತ್ತಾದ್ರೆ ಬುದ್ಧಿ ಬರುತ್ತೆ" ಎಂದಿದ್ದರು. ಅವರ ಮಾತಿಗೆ ಬೆಲೆ ಕೊಟ್ಟು ಹೆಡ್‌ಮಾಸ್ಟರು ನಿಯಮಾವಳಿಗೆ ಹನ್ನೊಂದನೇ ನಿಯಮ ಸೇರಿಸಿದರು. ಮಗು ಒಂದೊಂದು ವಸ್ತು ಕಳೆದುಕೊಂಡಾಗಲೂ ಮನೆಗೆ ಒಂದು ಚೀಟಿ ಹೋಗಬೇಕು, ಏಳನೇ ಸಲ ತಂದೆತಾಯಿಯನ್ನೇ ಕರೆಸಬೇಕು. ಚೀಟಿ ಬರೆಯುವ ಅಧಿಕಾರ ಬೀರಮ್ಮನಿಗೆ. "ನಿಮ್ಮ ಮಗು ತನ್ನ ವಸ್ತುಗಳ ಬಗ್ಗೆ ಅಜಾಗರೂಕವಾಗಿದೆ. ದಯವಿಟ್ಟು ಬುದ್ಧಿ ಹೇಳಿ." ದುಂಡು ಅಕ್ಷರದಲ್ಲಿ ಆ ಎರಡು ವಾಕ್ಯ ಬರೆಯುವಾಗ ಅವರಿಗೆ ಒಳಗೊಳಗೇ ಹೆಮ್ಮೆ. ನಿಯಮಾವಳಿಯಲ್ಲಿ ತನ್ನದೂ ಒಂದು ಸಾಲಿದೆಯೆಂದರೆ ಸಣ್ಣ ಮಾತೇ?

ಆ ವರ್ಷ ಮೇಲಿನ ಕಚೇರಿಯಿಂದ ಸುತ್ತೋಲೆ ಬಂತು. ಮಕ್ಕಳು ಮಕ್ಕಳನ್ನೇ ಪೀಡಿಸುವುದು ಹೆಚ್ಚಾಗಿದೆ, ಅದನ್ನು ತಡೆಯುವ ನಿಯಮಗಳನ್ನು ಪ್ರತಿ ಶಾಲೆಯೂ ತಿಂಗಳೊಳಗೆ ಹೊಸದಾಗಿ ಬರೆದು ಕಳಿಸಬೇಕು. ಅದುವರೆಗೆ ಶಾಲೆಯಲ್ಲಿ ಈ ಬಗ್ಗೆ ಇದ್ದದ್ದು ಒಂದೇ ಸಾಲು: "ವಿದ್ಯಾರ್ಥಿಗಳು ಪರಸ್ಪರ ಸ್ನೇಹದಿಂದ ಇರತಕ್ಕದ್ದು." ಇರತಕ್ಕದ್ದಂತೆ! ಬರೆದವರು ಮಕ್ಕಳನ್ನು ದೂರದಿಂದಲೂ ನೋಡಿರಲಿಲ್ಲ ಎಂದು ಕಾಣುತ್ತದೆ.

ಸಮಿತಿಯಾಯಿತು. ಹೆಡ್‌ಮಿಸ್ಟ್ರೆಸ್ಸು, ಅಂದರೆ ಎಲ್ಲರ ಬಾಯಲ್ಲಿ ದೊಡ್ಡ ಮೇಡಂ, ಅಧ್ಯಕ್ಷರು. ಪೋಷಕರ ಪರವಾಗಿ ಒಬ್ಬ ಹಲ್ಲಿನ ಡಾಕ್ಟರಮ್ಮ. ಬರೆಯುವ ಕೆಲಸ ಗಣಿತದ ಮೇಷ್ಟ್ರದು. ಅವರು ಕೆಟ್ಟವರಲ್ಲ, ಲೆಕ್ಕದಲ್ಲಿ ಹಂತ ಬಿಟ್ಟರೆ ಉತ್ತರ ಸರಿಯಿದ್ದರೂ ಅಂಕ ಕೊಡದವರು, ಅಷ್ಟೇ. ಶನಿವಾರ ಮಧ್ಯಾಹ್ನ ಗ್ರಂಥಾಲಯದ ಉದ್ದ ಮೇಜಿನ ಸುತ್ತ ಸಭೆ ನಡೆಯುತ್ತಿತ್ತು. ಮೊದಲ ಸಭೆಯಲ್ಲಿ ಟೀ ಲೋಟ ಇಡುತ್ತ ಬೀರಮ್ಮ ಎರಡು ನಿಯಮ ಕೇಳಿಸಿಕೊಂಡರು. ನಾಲ್ಕನೆಯದು: ತೊಂದರೆಗೊಳಗಾದ ವಿದ್ಯಾರ್ಥಿಯು ಏಳು ದಿನದೊಳಗೆ, ತೊಂದರೆ ಕೊಟ್ಟವರ ಹೆಸರು ಸಮೇತ, ಲಿಖಿತ ದೂರು ಸಲ್ಲಿಸಬೇಕು. ಆರನೆಯದು: ಎರಡೂ ಕಡೆಯವರನ್ನು ಎದುರುಬದುರು ಕೂರಿಸಿ, ವಿಚಾರಿಸಿ, ಕೈಕುಲುಕಿಸಬೇಕು. ಬೀರಮ್ಮನಿಗೆ ಎರಡೂ ಸರಿಯೆನ್ನಿಸಿದವು. ಬರೆದದ್ದೆಲ್ಲ ಅವರಿಗೆ ಸರಿಯೇ.

ಗಡಿಯಾರದಂಗಡಿಯವರ ಮಗಳು ಏಳನೇ ತರಗತಿ. ಎರಡು ಜಡೆ, ತೆಳ್ಳಗೆ, ಮಾತು ಕಡಿಮೆ. ಐದು ತಿಂಗಳಲ್ಲಿ ಅವಳ ಹೆಸರಿನಲ್ಲಿ ಬೀರಮ್ಮ ಐದು ಚೀಟಿ ಬರೆದಿದ್ದರು. ಚೀಟಿ ಕೊಟ್ಟಾಗಲೆಲ್ಲ ಹುಡುಗಿ ಅದನ್ನು ನಾಲ್ಕು ಮಡಿಕೆ ಮಡಚಿ ಜೇಬಿಗೆ ಹಾಕಿಕೊಂಡು ಹೋಗುವಳು. ಹರಿದು ಹಾಕಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವಳು ಅಂಥವಳಲ್ಲ, ತಪ್ಪದೆ ಅಪ್ಪನಿಗೆ ತಲುಪಿಸುತ್ತಿದ್ದಳು. ಅಪ್ಪನೋ, ಸಾಸಿವೆಗಿಂತ ಸಣ್ಣ ತಿರುಪುಗಳನ್ನು ಗಾಜಿನ ಬಟ್ಟಲಡಿ ಮುಚ್ಚಿಟ್ಟು, ಮೂವತ್ತು ವರ್ಷದಲ್ಲಿ ಒಂದನ್ನೂ ಕಳೆದುಕೊಳ್ಳದ ಮನುಷ್ಯ. ಮಗಳ ಅಜಾಗರೂಕತೆ ಅವರಿಗೆ ಅರ್ಥವೇ ಆಗುತ್ತಿರಲಿಲ್ಲ. ಐದನೇ ಚೀಟಿ ಬಂದ ದಿನ ಅವರು ಮೇಣ ಸವರಿದ ದಪ್ಪ ದಾರ ತಂದು, ಮಗಳ ಕೆಂಪು ಪೆನ್ಸಿಲ್ ಡಬ್ಬಿಯನ್ನು ಅವಳ ಬ್ಯಾಗಿಗೆ ನಾಲ್ಕು ಗಂಟು ಹಾಕಿ ಕಟ್ಟಿಬಿಟ್ಟರು. ಆಡನ್ನು ಗೂಟಕ್ಕೆ ಕಟ್ಟಿದ ಹಾಗೆ.

ಎರಡು ವಾರ ಡಬ್ಬಿ ಇತ್ತು. ಒಂದು ಬುಧವಾರ ಇಲ್ಲವಾಯಿತು. ಗುರುವಾರ ಬೆಳಿಗ್ಗೆಯೇ ಅಪ್ಪ ಶಾಲೆಗೆ ಬಂದು, ದೊಡ್ಡ ಮೇಡಂ ಮೇಜಿನ ಮೇಲೆ ಟಿ.ಸಿ. ಅರ್ಜಿ ಇಟ್ಟರು. "ಇಲ್ಲಿ ಇವಳಿಗೆ ಬುದ್ಧಿ ಬರಲ್ಲ ಮೇಡಂ. ನಮ್ಮಕ್ಕನ ಊರಿಗೆ ಕಳಿಸ್ತೀನಿ. ಅವರು ಸ್ವಲ್ಪ ಕಟ್ಟುನಿಟ್ಟು." ಸೋಮವಾರ ಬನ್ನಿ, ಕಾಗದ ಸಿದ್ಧ ಮಾಡಿಸುತ್ತೇನೆ ಎಂದರು ಮೇಡಂ. ಹುಡುಗಿ ಬಾಗಿಲ ಬಳಿ ತಲೆ ತಗ್ಗಿಸಿ ನಿಂತಿದ್ದಳು. ಅವಳನ್ನು ಯಾರೂ ಏನೂ ಕೇಳಲಿಲ್ಲ.

ಅದೇ ದಿನ ಮಧ್ಯಾಹ್ನ ಬೀರಮ್ಮನಿಗೆ ಡಬ್ಬಿ ಸಿಕ್ಕಿತು. ಕೈತೊಳೆಯುವ ನಲ್ಲಿಗಳ ಮೇಲಿನ ಸಜ್ಜಾದ ಮೇಲೆ ಕುಳಿತಿತ್ತು. ಚೆಂಡು, ಶಟಲ್‌ಕಾಕು ತೆಗೆಯಲು ಅವರ ಹತ್ತಿರ ಒಂದು ಕೊಕ್ಕೆ ಕೋಲಿದೆ. ಅದರಿಂದ ಎಳೆದು ಬೀಳಿಸಿ, ಪುಸ್ತಕದಲ್ಲಿ ಬರೆದು, ಆರನೇ ಚೀಟಿಗೆ ಪೆನ್ನು ತೆಗೆದರು. ಡಬ್ಬಿಗೆ ಇನ್ನೂ ಅಂಟಿಕೊಂಡಿದ್ದ ತುಂಡು ದಾರ ಆಗ ಕಣ್ಣಿಗೆ ಬಿತ್ತು.

ದರ್ಜಿಯ ಹೆಂಡತಿಗೆ ದಾರ ಹೊಸತಲ್ಲ. ಎಳೆದು ಕಿತ್ತ ದಾರದ ತುದಿ ಪಿಸಿದು, ಎಳೆ ಬಿಟ್ಟುಕೊಂಡು, ನಿದ್ದೆಯಿಂದೆದ್ದ ತಲೆಗೂದಲಿನ ಹಾಗಿರುತ್ತದೆ. ಇದರ ತುದಿ ನೀಟಾಗಿ, ಮಟ್ಟಸವಾಗಿತ್ತು. ಬೀರಮ್ಮ ಪೆನ್ನು ಮುಚ್ಚಿದರು.

ಸಂಜೆ ಮನೆಗೆ ಹೋದವರೇ ಮಿಷನ್ನಿನ ಮುಂದೆ ಡಬ್ಬಿ ಹಿಡಿದರು. "ರೀ, ಇದನ್ನ ಸ್ವಲ್ಪ ನೋಡಿ."

ಯಜಮಾನರು ಕನ್ನಡಕ ಮೇಲೆ ಮಾಡಿ ನೋಡಿದರು. "ಕತ್ತರಿ ಹಾಕಿದ್ದಾರೆ. ಮಕ್ಕಳ ಕತ್ತರಿ ಇರ್ಬೇಕು, ಮೊಂಡು. ಎರಡು ಸಲ ಒತ್ತಿದ್ದಾರೆ. ಯಾಕೆ?"

ಬೀರಮ್ಮ ಚೀಲದಿಂದ ಉದ್ದ ಪುಸ್ತಕ ತೆಗೆದು ಆ ಹುಡುಗಿಯ ಹೆಸರು ಬಂದಲ್ಲೆಲ್ಲ ಬೆರಳಿಟ್ಟು, ಇಷ್ಟು ವರ್ಷದಲ್ಲಿ ಮೊದಲ ಸಲ ಐದನೇ ಕಾಲಂ ಓದಿದರು. ಟಿಫಿನ್ ಡಬ್ಬಿಯ ಮುಚ್ಚಳ, ಹತ್ತನೇ ತರಗತಿಯ ಕಪಾಟಿನ ನೆತ್ತಿಯ ಮೇಲೆ. ಎಡಗಾಲಿನ ಶೂ, ಸೈಕಲ್ ಸ್ಟ್ಯಾಂಡಿನ ತಗಡಿನ ಮೇಲೆ. ಸ್ವೆಟರ್, ನೀರಿನ ಟ್ಯಾಂಕಿನ ಮೇಲೆ. ರಿಬ್ಬನ್ನು, ಫ್ಯಾನಿನ ರೆಕ್ಕೆಯ ಮೇಲೆ. ಬಾಟಲಿ, ಗ್ರಂಥಾಲಯದ ಕಿಟಕಿಯ ಮೇಲಿನ ಗೂಡಿನಲ್ಲಿ. ಈಗ ಸಜ್ಜಾ.

"ರೀ, ಕೈಯಿಂದ ಜಾರಿದ ವಸ್ತು ಎಲ್ಲಿರುತ್ತೆ?"

"ನೆಲದ ಮೇಲೆ. ಇನ್ನೆಲ್ಲಿ?"

"ಈ ಹುಡುಗೀದು ಆರಕ್ಕೆ ಆರೂ ಮೇಲಕ್ಕೆ ಬಿದ್ದಿದೆ."

ಮಿಷನ್ನಿನ ಚಕ್ರ ನಿಂತಿತು. ಆ ಒಂದು ಶೂ ಸಿಕ್ಕ ದಿನ ಬೀರಮ್ಮನಿಗೆ ಚೆನ್ನಾಗಿ ನೆನಪಿತ್ತು. ಹುಡುಗಿ ಒಂದು ಕಾಲಲ್ಲಿ ಶೂ, ಇನ್ನೊಂದರಲ್ಲಿ ಬರೀ ಕಾಲುಚೀಲ ಹಾಕಿಕೊಂಡು ಬೀರುವಿನ ಮುಂದೆ ನಿಂತಿದ್ದಳು. ಇವರು, "ಕಾಲಲ್ಲಿರೋದನ್ನ ಹೇಗಮ್ಮ ಕಳ್ಕೊಳ್ತಾರೆ?" ಎಂದು ನಗುತ್ತ ಕೇಳಿದ್ದರು. ಸಾಲಿನಲ್ಲಿದ್ದ ಮಕ್ಕಳೆಲ್ಲ ಗೊಳ್ಳೆಂದು ನಕ್ಕಿದ್ದವು. ಈಗ ಅದು ನೆನಪಾಗಿ ಅವರು ಸೆರಗು ಬಾಯಿಗಿಟ್ಟುಕೊಂಡು ಅಲ್ಲೇ ಕುಳಿತು ಅತ್ತರು. ಯಜಮಾನರು ಎದ್ದು, ಕಾಲೆಳೆದುಕೊಂಡು ಹೋಗಿ, ತಮ್ಮ ಅಳತೆ ಪುಸ್ತಕ ತಂದು, ಹುಡುಗಿಯ ಹೆಸರಿದ್ದ ಪುಟ ತೆರೆದು ಹೆಂಡತಿಯ ಮುಂದಿಟ್ಟರು. "ಜೂನ್‌ನಲ್ಲಿ ಅಳೆದದ್ದು. ಎತ್ತರ ಇದೆ, ತೋಳಿನ ಉದ್ದಾನೂ ಇದೆ. ನೋಡ್ಕೋ."

ಶುಕ್ರವಾರ ಬೀರಮ್ಮ ಶಾಲೆಯಲ್ಲಿ ಗಂಡನ ಎರಡು ಟೇಪ್ ತುದಿಗೆ ತುದಿ ಹೊಲಿದು, ಕೊಕ್ಕೆ ಕೋಲಿಗೆ ಸಿಕ್ಕಿಸಿಕೊಂಡು ಓಡಾಡಿದರು. ಮಧ್ಯೆ ಹುಡುಗಿಯನ್ನೂ ಕರೆದು ಮೆಲ್ಲಗೆ ಕೇಳಿದರು, "ಯಾರಾದ್ರೂ ತೊಂದ್ರೆ ಕೊಡ್ತಾರೇನಮ್ಮ?"

"ಇಲ್ಲ ಅಜ್ಜಿ. ನಾನೇ ಕಳ್ಕೊಂಡೆ."

ಅವಳು ಅದನ್ನು ಹೇಳಿದ ರೀತಿ ಪಾಠ ಒಪ್ಪಿಸಿದಂತಿತ್ತು. ಐದು ಚೀಟಿಯಲ್ಲಿ ತಾನು ಕಲಿಸಿದ ಪಾಠವೇ ಅದು ಎಂದು ಬೀರಮ್ಮನಿಗೆ ಹೊಳೆಯಿತು. ಈ ಮಗು ನಾಲ್ಕನೇ ನಿಯಮದ ಪ್ರಕಾರ ಹೆಸರು ಸಮೇತ ಲಿಖಿತ ದೂರು ಕೊಡುವುದು ಎಲ್ಲಿಂದ ಬಂತು? ಸೋಮವಾರ ಟಿ.ಸಿ. ತೆಗೆದುಕೊಂಡು, ತಾನೊಬ್ಬ ದಡ್ಡಿ ಎಂದು ನಂಬಿಕೊಂಡು, ಅತ್ತೆಯ ಊರಿನ ಬಸ್ಸು ಹತ್ತುತ್ತಾಳೆ.

ಶನಿವಾರ ಟೀ ತಟ್ಟೆಯ ಜೊತೆ ಉದ್ದ ಪುಸ್ತಕವನ್ನೂ ಕಂಕುಳಲ್ಲಿಟ್ಟುಕೊಂಡು ಅವರು ಗ್ರಂಥಾಲಯಕ್ಕೆ ಹೋದರು. ಲೋಟ ಇಟ್ಟ ಮೇಲೂ ನಿಂತೇ ಇದ್ದರು.

"ಒಂದು ಮಾತು ಹೇಳ್ಬೇಕಿತ್ತು ಮೇಡಂ."

"ಆಮೇಲೆ ಹೇಳಿ ಬೀರಮ್ಮ" ಎಂದರು ಗಣಿತದ ಮೇಷ್ಟ್ರು, ಕಾಗದದಿಂದ ತಲೆಯೆತ್ತದೆ. "ನಾವಿನ್ನೂ ನಾಲ್ಕನೇ ನಿಯಮದಲ್ಲಿದ್ದೀವಿ."

"ನಾನೂ ಅದರಲ್ಲೇ ಇದ್ದೀನಿ ಮೇಷ್ಟ್ರೇ."

ದೊಡ್ಡ ಮೇಡಂ ಕೈಸನ್ನೆ ಮಾಡಿ ಕುರ್ಚಿ ತೋರಿಸಿದರು. ಬೀರಮ್ಮ ಕೂರಲಿಲ್ಲ.

"ಬರೆದು ಕೊಡೋ ಮಗು ಹೇಗೂ ನಿಮ್ಮ ಹತ್ರ ಬರುತ್ತೆ. ಬರೆಯೋಕೆ ಆಗದೇ ಇರೋ ಮಗು ಎಲ್ಲಿಗೆ ಹೋಗ್ಬೇಕು?"

"ಹಾಗಂತ ಸಾಕ್ಷಿ ಇಲ್ದೆ ಯಾರ ಮೇಲೆ ಕ್ರಮ ತಗೊಳ್ಳೋದು?" ಎಂದರು ಮೇಷ್ಟ್ರು. "ನಾಳೆ ಆಗದವರೆಲ್ಲ ಒಬ್ಬರ ಮೇಲೊಬ್ಬರು ಚಾಡಿ ಹೇಳ್ತಾರೆ."

"ಯಾರ ಮೇಲೂ ಕ್ರಮ ಬೇಡ ಮೇಷ್ಟ್ರೇ. ಮೊದಲು ಮಗೂನ ನೋಡಿ ಅಂತೀನಿ ಅಷ್ಟೇ."

ಪುಸ್ತಕ ತೆರೆದು ಆರು ಸಾಲುಗಳನ್ನು ಓದಿದರು. ಒಂದೊಂದರ ಮುಂದೆಯೂ ಶುಕ್ರವಾರ ಅಳೆದು ಬರೆದ ಎತ್ತರ. ಆರರಲ್ಲಿ ಎಲ್ಲಕ್ಕಿಂತ ತಗ್ಗಿನದು ಕಪಾಟು, ಆರಡಿ ಎಂಟಿಂಚು. ಆಮೇಲೆ ಗಂಡನ ಅಳತೆ ಪುಸ್ತಕ ತೆಗೆದರು. ಹುಡುಗಿ ನಾಲ್ಕಡಿ ಮೂರಿಂಚು. ತುದಿಗಾಲಲ್ಲಿ ನಿಂತು ಕೈ ಎತ್ತಿದರೂ ಐದೂವರೆ ಅಡಿ ದಾಟಲ್ಲ. "ಕಳೆದುಹೋದದ್ದು ಕೆಳಗೆ ಬೀಳ್ಬೇಕಲ್ವಾ? ನೀವೇ ಪಾಠ ಮಾಡೋರು."

"ಅದು ವಿಜ್ಞಾನದವರ ಪಾಠ" ಎಂದು ಮೇಷ್ಟ್ರು ಗೊಣಗಿದರು. ಆದರೆ ಲೆಕ್ಕದ ವಿಷಯ ಬಂದರೆ ಅವರಿಗೆ ಕೂರಲಾಗುವುದಿಲ್ಲ. ಎದ್ದರು, "ಟೇಪ್ ಕೊಡಿ" ಎಂದರು, ಹೊರಗೆ ಹೋದರು. ಸಮಿತಿಗೆ ಸಮಿತಿಯೇ ಹಿಂದೆ ಹೊರಟಿತು. ನಲ್ಲಿಗಳ ಬಳಿ ಹಲ್ಲಿನ ಡಾಕ್ಟರಮ್ಮ ಬಗ್ಗಿ ಟೇಪಿನ ಕೆಳತುದಿ ಹಿಡಿದರು, ಮೇಷ್ಟ್ರು ತುದಿಗಾಲಲ್ಲಿ ನಿಂತು ಮೇಲ್ತುದಿ ಹಿಡಿಯಲು ಹೆಣಗಿದರು. ಏಳಡಿ ಮೂರಿಂಚು. ಅವರು ಟೇಪ್ ಬಿಟ್ಟು, ಬರಿಗೈ ಎತ್ತಿ, ಸಜ್ಜಾ ಮುಟ್ಟಲು ನೋಡಿದರು. ಅಷ್ಟು ಎತ್ತರದ ಮನುಷ್ಯನಿಗೇ ಬೆರಳ ತುದಿ ತಾಕಿತು, ಮೇಲೆ ಏನನ್ನೂ ಇಡಲಾಗಲಿಲ್ಲ. ಬೇಕೆಂದೇ ಯಾರೋ ಎಸೆಯಬೇಕು, ಇಲ್ಲವೇ ಒಬ್ಬರು ಇನ್ನೊಬ್ಬರನ್ನು ಎತ್ತಬೇಕು. ಶನಿವಾರ ಮಧ್ಯಾಹ್ನದ ಖಾಲಿ ಅಂಗಳದಲ್ಲಿ ನಾಲ್ಕು ಜನ ದೊಡ್ಡವರು ಸ್ವಲ್ಪ ಹೊತ್ತು ಆ ಸಜ್ಜಾವನ್ನೇ ನೋಡುತ್ತ ನಿಂತರು.

ಒಳಗೆ ಬಂದ ಮೇಲೆ ಬೀರಮ್ಮ, "ಇನ್ನೊಂದಿದೆ" ಎಂದರು. ಬೇಕಾದರೆ ಅವರು ಇಲ್ಲಿಗೇ ನಿಲ್ಲಿಸಬಹುದಿತ್ತು. ಶಭಾಸ್ ಎನ್ನಿಸಿಕೊಂಡು ಲೋಟ ಎತ್ತಿಕೊಂಡು ಹೋಗಬಹುದಿತ್ತು. ನನಗೆ ಅವರ ಮೇಲೆ ಇರುವ ಗೌರವವೆಲ್ಲ ಅವರು ನಿಲ್ಲಿಸಲಿಲ್ಲ ಎಂಬುದರಿಂದಲೇ ಬಂದದ್ದು.

"ಆ ಮಗೂಗೆ ಐದು ಚೀಟಿ ಹೋಗಿದೆ. ಬರೆದವಳು ನಾನು. ಹನ್ನೊಂದನೇ ನಿಯಮ ಬೇಕು ಅಂತ ಕೇಳಿದವಳೂ ನಾನೇ. ಯಾರೋ ಅವಳ ವಸ್ತು ಎಸೆದ್ರು, ನಾನು ಅವಳಿಗೇ ಅಜಾಗರೂಕಳು ಅಂತ ಬರೆದೆ. ಅವರು ಮಾಡಿದ್ದು ಅರ್ಧ, ಉಳಿದರ್ಧ ನಾನು ಮಾಡಿದ್ದು. ಹೊಸ ನಿಯಮ ಆಮೇಲೆ ಬರೀರಿ ಮೇಡಂ. ಮೊದಲು ನಂದನ್ನ ಹೊಡೆದು ಹಾಕಿ. ನನಗೇನು ಶಿಕ್ಷೆ ಕೊಡ್ತೀರೋ ಕೊಡಿ."

ಗಣಿತದ ಮೇಷ್ಟ್ರು ಪೆನ್ನಿನ ಮುಚ್ಚಳ ತೆಗೆಯುತ್ತ, ಹಾಕುತ್ತ, "ನನ್ನ ಕ್ಲಾಸಲ್ಲೇ ಕೂತ್ಕೊಳ್ತಾಳೆ" ಎಂದರು. "ಪೆನ್ಸಿಲ್ ಇಲ್ಲ ಅಂತ ಮೊನ್ನೆ ಬುಧವಾರ ಹೊರಗೆ ನಿಲ್ಸಿದ್ದೆ. ಯಾಕಿಲ್ಲ ಅಂತ ಕೇಳ್ಲಿಲ್ಲ."

"ನಾನು ಟಿ.ಸಿ.ಗೆ ಒಪ್ಪಿಬಿಟ್ಟಿದ್ದೆ. ಬಾಗಿಲಲ್ಲೇ ನಿಂತಿದ್ಳು, ಒಂದು ಮಾತು ಕೇಳ್ಬಹುದಿತ್ತು" ಎಂದರು ದೊಡ್ಡ ಮೇಡಂ. ಬೀರಮ್ಮನ ಕಡೆ ತಿರುಗಿದರು. "ಶಿಕ್ಷೆ ಅಂದ್ರಲ್ಲ, ಕೂತ್ಕೊಳ್ಳಿ. ನಿಯಮ ಬರೆದು ಮುಗಿಯೋವರೆಗೂ ಏಳಬಾರದು. ಅದೇ ಶಿಕ್ಷೆ."

ಅವತ್ತು ಟೀ ಆರಿ ತಣ್ಣಗಾಯಿತು. ನಾಲ್ಕನೇ ನಿಯಮದ ಮೇಲೆ ಅಡ್ಡಗೆರೆ ಬಿತ್ತು. ಗೆರೆ ಎಳೆದದ್ದು ಮೇಷ್ಟ್ರೇ, ಸ್ಕೇಲ್ ಇಟ್ಟು. ಮಗು ಬರೆದು ಕೊಡಬೇಕಾಗಿಲ್ಲ, ಬಾಯಲ್ಲಿ ಹೇಳಿದರೆ ಸಾಕು. ಹೇಳದಿದ್ದರೂ, ಮೇಷ್ಟ್ರಿಂದ ಹಿಡಿದು ಗೇಟಿನವರ ತನಕ ಯಾರ ಕಣ್ಣಿಗೆ ಬಿತ್ತೋ ಅವರು ಅದೇ ದಿನ ಬರೆದಿಡಬೇಕು. ಎದುರುಬದುರು ಕೂರಿಸುವುದು ಬೇಡ ಎಂದು ಹಲ್ಲಿನ ಡಾಕ್ಟರಮ್ಮ ಪಟ್ಟು ಹಿಡಿದರು. ಹೆದರಿದ ಮಗುವಿನ ಬಾಯಿ ತೆರೆಸುವುದು ಎಷ್ಟು ಕಷ್ಟ ಎಂದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಪೀಡಿಸಿದ ಮಕ್ಕಳನ್ನು ಬೇರೆಯಾಗಿ ಕೂರಿಸಿ, ಮನೆಯವರನ್ನು ಕರೆಸಿ, ತಿದ್ದುವುದು. ಬರೀ ಹೊರಗೆ ಹಾಕಿ ಕೈ ತೊಳೆದುಕೊಳ್ಳುವಂತಿಲ್ಲ. ಹನ್ನೊಂದನೇ ನಿಯಮ ತೆಗೆದುಹಾಕಿ, ಅದೇ ಜಾಗದಲ್ಲಿ ಬೀರಮ್ಮ ಹೇಳಿದ್ದನ್ನು ಮೇಷ್ಟ್ರು ಬರೆದುಕೊಂಡರು: ಒಂದೇ ಮಗುವಿನ ವಸ್ತು ಎರಡನೇ ಸಲ ಕಾಣೆಯಾದರೆ, ಸಿಕ್ಕಿದ ಜಾಗವನ್ನು ಹೋಗಿ ನೋಡಿ ಬಂದ ಮೇಲೆಯೇ ಮಗುವಿಗೆ ಮಾತು ಹೇಳತಕ್ಕದ್ದು. ಈ "ತಕ್ಕದ್ದು" ಮಾತ್ರ ನನಗೆ ಇಷ್ಟವಾಯಿತು.

ಆ ಸಂಜೆ ಬೀರಮ್ಮ ರಸ್ತೆ ದಾಟಿ ಗಡಿಯಾರದಂಗಡಿಗೆ ಹೋದರು. ಅಪ್ಪ ಒಂದು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಕೈಗಡಿಯಾರದ ಹೊಟ್ಟೆ ನೋಡುತ್ತಿದ್ದರು. ಪಕ್ಕದ ಸ್ಟೂಲಿನಲ್ಲಿ ಮಗಳು ಮನೆಗೆಲಸ ಬರೆಯುತ್ತಿದ್ದಳು.

"ನಾನು ಬರೆದ ಚೀಟಿಗಳು ಇವೆಯಾ ಅಣ್ಣ?"

ಯಾವುದನ್ನೂ ಕಳೆದುಕೊಳ್ಳದ ಮನುಷ್ಯ ಡ್ರಾಯರ್ ಎಳೆದು ಐದನ್ನೂ ತೆಗೆದಿಟ್ಟರು. ಬೀರಮ್ಮ ಅವನ್ನು ಎಣಿಸಿಕೊಂಡು, ಅಪ್ಪನಿಗಲ್ಲ, ಹುಡುಗಿಗೆ ಹೇಳಿದರು. "ಇದರಲ್ಲಿ ಬರೆದಿರೋದು ಸುಳ್ಳು ಕಣಮ್ಮ. ನೀನು ಒಂದನ್ನೂ ಕಳ್ಕೊಂಡಿಲ್ಲ. ನಾನು ನೋಡ್ದೆ ಬರೆದೆ. ತಪ್ಪಾಯ್ತು." ಹೇಳಿ ಐದನ್ನೂ ಅವಳೆದುರೇ ಹರಿದರು.

ಹುಡುಗಿ ಮಿಕಮಿಕ ನೋಡಿದಳು. ಅಪ್ಪನಿಗೆ ಅರ್ಥವಾಗಲಿಲ್ಲ. ಬೀರಮ್ಮ ಸಜ್ಜಾದಿಂದ ಟ್ಯಾಂಕಿನವರೆಗೆ ಎಲ್ಲ ಹೇಳಿ, "ಬ್ಯಾಗಲ್ಲಿ ಉಳಿದಿರೋ ದಾರ ತೋರಿಸಮ್ಮ" ಎಂದರು. ಹುಡುಗಿ ತಡವರಿಸಿ, ಬ್ಯಾಗಿನ ಒಳಜೇಬಿಗೆ ತುರುಕಿ ಮುಚ್ಚಿಟ್ಟಿದ್ದ ದಾರದ ತುದಿ ಹೊರಗೆಳೆದಳು. ಅಪ್ಪ ಅದನ್ನು ಮಸೂರದ ಕೆಳಗೆ ಹಿಡಿದರು. ಬಹಳ ಹೊತ್ತು ನೋಡಿದರು. ಮಸೂರ ತೆಗೆದಾಗ ಆ ಕಣ್ಣು ಒದ್ದೆಯಾಗಿತ್ತು.

"ಎಷ್ಟು ಬೈದೆ ಮಗಾ ನಿಂಗೆ" ಎಂದರು. ಆಮೇಲೆ ಬೀರಮ್ಮನ ಕಡೆ ತಿರುಗಿ ಗಡುಸಾದರು. "ಹಾಗಿದ್ಮೇಲೆ ಇನ್ನೂ ಅಲ್ಲಿ ಯಾಕೆ ಬಿಡ್ಲಿ? ಸೋಮವಾರ ಟಿ.ಸಿ. ಕೊಡಿಸಿ. ಈಗಂತೂ ಖಂಡಿತ ಕಳಿಸ್ತೀನಿ."

ಅವರು ಹೇಳುವುದರಲ್ಲೂ ನ್ಯಾಯವಿತ್ತು. "ಒಂದು ವಾರ ಕೊಡಿ ಅಣ್ಣ. ಶುಕ್ರವಾರದ ತನಕ. ಆಮೇಲೆ ಅವಳು ಹೇಗೆ ಹೇಳ್ತಾಳೋ ಹಾಗೆ" ಎಂದಷ್ಟೇ ಹೇಳಿದರು ಬೀರಮ್ಮ. ಅಪ್ಪ ಒಲ್ಲದ ಮನಸ್ಸಿನಿಂದ ಒಪ್ಪಿದರು. ಹೊರಡುವಾಗ ಹುಡುಗಿಗೆ, "ನಿನ್ನ ಡಬ್ಬಿ ಬೀರುವಲ್ಲಿದೆ. ಬಂದು ಗುರುತು ಹೇಳಿ ತಗೋ" ಎಂದರು.

ಸೋಮವಾರ ಹೊಸ ನಿಯಮಗಳನ್ನು ಪ್ರತಿ ತರಗತಿಯಲ್ಲೂ ಓದಿದರು. ಗಣಿತದ ಮೇಷ್ಟ್ರು ಊಟದ ಹೊತ್ತಿನಲ್ಲಿ ನಲ್ಲಿಗಳ ಬಳಿ ನಿಲ್ಲತೊಡಗಿದರು. ಕೈ ತೊಳೆಯುವ ಮಕ್ಕಳಿಗೆ ಮಗ್ಗಿ ಕೇಳಿ ಪೀಡಿಸುತ್ತಿದ್ದರು ಎಂಬ ಮಾತೂ ಇದೆ, ಆದರೆ ಅದು ನಿಯಮದ ವ್ಯಾಪ್ತಿಗೆ ಬರುವುದಿಲ್ಲ. ಮಂಗಳವಾರ ಹುಡುಗಿ ಡಬ್ಬಿ ಕೇಳಲು ಬರಲಿಲ್ಲ. ಬುಧವಾರ ಬೀರುವಿನ ತನಕ ಬಂದು, ಹಿಂದೆ ಯಾರೋ ನಕ್ಕ ಸದ್ದಿಗೆ ತಿರುಗಿ ಹೋದಳು. ಗುರುವಾರವೂ ಇಲ್ಲ. ಬೀರಮ್ಮ ದಿನಾ ಡಬ್ಬಿಯನ್ನು ತೆಗೆದು, ಒರೆಸಿ, ಅಲ್ಲೇ ಇಡುತ್ತಿದ್ದರು. ತಾವೇ ಕೈಗೆ ಕೊಟ್ಟುಬಿಡೋಣ ಎನ್ನಿಸಿದರೂ ತಡೆದುಕೊಂಡರು.

ಶುಕ್ರವಾರ, ಕೊನೆಯ ಗಂಟೆಗೆ ಇನ್ನು ಐದು ನಿಮಿಷ. ಬೀರಮ್ಮ ಸುತ್ತಿಗೆ ಕೈಗೆತ್ತಿಕೊಂಡು ಗಡಿಯಾರ ನೋಡುತ್ತಿದ್ದಾಗ ಮೆಟ್ಟಿಲ ಕೆಳಗೆ ನೆರಳಾಡಿತು. ಹುಡುಗಿ ಮೇಷ್ಟ್ರ ಅಪ್ಪಣೆ ಕೇಳಿಕೊಂಡು ಒಬ್ಬಳೇ ಬಂದಿದ್ದಳು.

"ನನ್ನ ಪೆನ್ಸಿಲ್ ಡಬ್ಬಿ ಅಜ್ಜಿ."

"ಗುರುತು ಹೇಳು."

"ಕೆಂಪು."

"ಕೆಂಪು ಡಬ್ಬಿ ಮೂರಿದೆ."

ಹುಡುಗಿ ತುಟಿ ಕಚ್ಚಿಕೊಂಡಳು. "ಒಂದು ಕಡೆ ದಾರ ಇದೆ. ಅಪ್ಪ ಕಟ್ಟಿದ್ದು. ನಾಲ್ಕು ಗಂಟು ಹಾಕಿದ್ರು."

"ಆಮೇಲೆ?"

ಅವಳು ಹಿಂದಕ್ಕೆ ತಿರುಗಿ, ಯಾರೂ ಇಲ್ಲವೆಂದು ನೋಡಿಕೊಂಡಳು.

"ಕಳ್ಕೊಂಡಿದ್ದಲ್ಲ ಅಜ್ಜಿ. ಕತ್ತರಿಸಿದ್ರು."

ಬೀರಮ್ಮ ಬೀಗ ತೆಗೆದರು. ಡಬ್ಬಿಯನ್ನು ಅವಳ ಎರಡೂ ಕೈಯಲ್ಲಿಟ್ಟು, ಕೆಳಗಿನ ಮೆಟ್ಟಿಲ ಮೇಲೆ ಅವಳ ಪಕ್ಕ ಕುಳಿತರು. ಯಾರು ಎಂದು ಕೇಳಲಿಲ್ಲ. ಹುಡುಗಿಯೇ ಹೇಳಿದಳು, ಮೂರು ಹೆಸರು. ಹಿಂದಿನ ಬೆಂಚಿನವರು, ಹೋದ ವರ್ಷದ ತನಕ ಇವಳ ಗೆಳತಿಯರು. ಒಂದು ಹೆಸರು ಹೇಳಿದ ಮೇಲೆ ಉಳಿದದ್ದು ತಾನಾಗಿ ಬಂತು: ಮುಚ್ಚಳ, ಶೂ, ಸ್ವೆಟರಿನ ದಿನ ಚಳಿಯಲ್ಲಿ ನಡುಗಿದ್ದು, ಹೇಳಿದರೆ ಇನ್ನೂ ಮಾಡುತ್ತೇವೆ ಅಂದದ್ದು. ಅವಳು ಅಳುತ್ತ ಹೇಳಿದಳು, ಬಿಕ್ಕುತ್ತ ಹೇಳಿದಳು, ಆದರೆ ನಿಲ್ಲಿಸಲಿಲ್ಲ. ಬೀರಮ್ಮ ಉದ್ದ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದನ್ನೂ ದುಂಡಗೆ ಬರೆದುಕೊಂಡರು, ಹೊಸ ನಿಯಮದಂತೆ, ಅದೇ ದಿನ.

ಗಂಟೆಯಾಗಲಿಲ್ಲವಲ್ಲ ಎಂದು ನೋಡಲು ಗಣಿತದ ಮೇಷ್ಟ್ರು ಬಂದರು. ಮೆಟ್ಟಿಲ ಮೇಲಿನ ಇಬ್ಬರನ್ನು ಕಂಡು, ಸದ್ದಿಲ್ಲದೆ ಹಿಂದಕ್ಕೆ ಸರಿದು, ಪಡಸಾಲೆಯ ಬಾಯಲ್ಲಿ ಕೈ ಅಡ್ಡ ಹಿಡಿದು ನಿಂತರು. ಒಂದು ಮಗುವನ್ನೂ ಆ ಕಡೆ ಬಿಡಲಿಲ್ಲ.

ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಶಾಲೆಯ ಗಂಟೆ ಹನ್ನೊಂದು ನಿಮಿಷ ತಡವಾಯಿತು. ರಸ್ತೆಯಾಚೆ ಅಂಗಡಿಯ ಗಡಿಯಾರಗಳೆಲ್ಲ ಹೊಡೆದು ಮುಗಿದಿದ್ದವು. ಏನೋ ಆಗಿದೆ ಎಂದು ಅಪ್ಪ ಅಂಗಡಿ ಹಾಗೇ ಬಿಟ್ಟು ಗೇಟಿನ ತನಕ ಓಡಿ ಬಂದಿದ್ದರು. ಅವರನ್ನು ಕಂಡು ಹುಡುಗಿ ಡಬ್ಬಿಯನ್ನು ತಲೆಯ ಮೇಲೆ ಎತ್ತಿ ತೋರಿಸಿದಳು.

"ಅಪ್ಪ, ಹೇಳ್ದೆ. ಎಲ್ಲಾ ಹೇಳ್ದೆ. ನಾನು ಅತ್ತೆ ಊರಿಗೆ ಹೋಗಲ್ಲ."

ಅಪ್ಪ ಅವಳ ತಲೆಯ ಮೇಲೆ ಕೈಯಿಟ್ಟು, ಅಲ್ಲಿಂದಲೇ ದೊಡ್ಡ ಮೇಡಂ ಕೋಣೆಯ ಕಡೆ ನಡೆದರು, ಅರ್ಜಿ ವಾಪಸ್ ಕೇಳಲು. ಬೀರಮ್ಮ ಮುಖ ಒರೆಸಿಕೊಂಡು, ಸುತ್ತಿಗೆ ಎತ್ತಿ, ಗಂಟೆ ಹೊಡೆದರು.